ನೋಡಿದವಳು ಮುಟ್ಟಬೇಕು

ಎಲ್ ಸಿರುಯೆಲೊದ ನಮ್ಮ ಶಾಲೆ ಆ ವರ್ಷ ಎದುರಿಸಿದ ಪ್ರಶ್ನೆಗಳಲ್ಲೆಲ್ಲ ಗಹನವಾದದ್ದು ಒಂದು ಪ್ಲಾಸ್ಟಿಕ್ ಕುರ್ಚಿಯದು. ಅದನ್ನು ಎಲ್ಲಿ ಹಾಕಬೇಕೆಂದು ತೀರ್ಮಾನಿಸಲು ಹೆಡ್‌ಮಾಸ್ಟರು ಎರಡು ಸಲ ಸಭೆ ಕರೆದರು. ಸೋರುವ ಸೂರಿನ ಬಗ್ಗೆ ಕರೆದದ್ದು ಒಂದೇ ಸಲ. ಅವತ್ತು ಮಳೆಯ ಸದ್ದಿಗೆ ಯಾರು ಏನೆಂದರೆಂಬುದು ಯಾರಿಗೂ ಕೇಳಿಸಲಿಲ್ಲ.

ವಿಷಯ ಇಷ್ಟು. ರಾಜಧಾನಿ ತೆಗುಸಿಗಾಲ್ಪಾದ ವಿಶ್ವವಿದ್ಯಾಲಯದವರು ಮುಂದೆ ಬೇಸಾಯದ ಮೇಡಂ ಆಗಬೇಕಾದ ಒಬ್ಬ ಹುಡುಗಿಯನ್ನು ತರಬೇತಿಗೆಂದು ನಮ್ಮಲ್ಲಿಗೆ ಕಳಿಸಿದ್ದರು. ಹೆಸರು ಡೆಲ್ಮಿ ಅರ್ಗೇತಾ. ಅವಳ ಜೊತೆಗೆ ನಿಯಮಗಳೂ ಬಂದಿದ್ದವು. ತರಬೇತಿಗೆ ಬಂದವರು ತರಗತಿಯ ಹಿಂಭಾಗದಲ್ಲಿ ಕೂರಬೇಕು, ಬಾಯಿ ಬಿಡಬಾರದು, ಏನನ್ನೂ ಮುಟ್ಟಬಾರದು, ಅನುಭವಸ್ಥರು ಪಾಠ ಮಾಡುವುದನ್ನು ಸುಮ್ಮನೆ ನೋಡಬೇಕು. ಕೊನೆಯ ವಾರ ಒಂದು ಪಾಠವನ್ನು ತಾವೇ ಮಾಡಿ ತೋರಿಸಬೇಕು. ಪಾಸೋ ಫೇಲೋ ಎಂಬುದನ್ನು ಆ ಅನುಭವಸ್ಥರೇ ಹೇಳಬೇಕು.

ಚರಿತ್ರೆಯ ತರಗತಿಗೆ ಹಿಂಭಾಗವೆಂಬುದು ಇದೆ. ನಾನು ಕಲಿಸುವ ವ್ಯಾಕರಣಕ್ಕಂತೂ ಇಡೀ ತರಗತಿಯೇ ಹಿಂಭಾಗ. ಆದರೆ ಬೇಸಾಯದ ತರಗತಿ ಒಂದು ದಿನ ಹುರುಳಿಕಾಯಿಯ ಮಡಿಯಲ್ಲಿ, ಒಂದು ದಿನ ಕಾಫಿ ಸಸಿಗಳ ನೆರಳಲ್ಲಿ, ಉಳಿದ ದಿನ ಹಂದಿಗೂಡಿನಲ್ಲಿ ನಡೆಯುತ್ತದೆ. ಹಂದಿಗೂಡಿನ ಹಿಂಭಾಗ ಯಾವುದು ಎಂಬುದು ಹಂದಿ ಯಾವ ಕಡೆ ಮುಖ ಮಾಡಿದೆ ಎಂಬುದರ ಮೇಲೆ ನಿಂತಿದೆ ಎಂದು ಗಣಿತದವರು ಸಭೆಯಲ್ಲಿ ಹೇಳಿದರು. ಅದು ಕಡತಕ್ಕೂ ಹೋಯಿತು. ಕೊನೆಗೆ ತರಗತಿ ಹೋದಲ್ಲೆಲ್ಲ ಕುರ್ಚಿಯೂ ಹೋಗುವುದು, ಮಾತು ಕೇಳುವಷ್ಟು ಹತ್ತಿರ, ಸಗಣಿ ಸಿಡಿಯದಷ್ಟು ದೂರ ಇರುವುದು ಎಂದು ತೀರ್ಮಾನವಾಯಿತು. ಮೂರನೇ ವರ್ಷದ ಹುಡುಗರು ಅದನ್ನು ಮೆರವಣಿಗೆಯ ಮೂರ್ತಿಯ ಹಾಗೆ ತಲೆಯ ಮೇಲೆ ಹೊತ್ತು ನಡೆಯುತ್ತಿದ್ದರು. ಹಿಂದಿನಿಂದ ಡೆಲ್ಮಿ, ಎದೆಗೆ ಪುಸ್ತಕ ಅವಚಿಕೊಂಡು, ಒಣಗಿದ ಜಾಗ ನೋಡಿ ನೋಡಿ ಕಾಲಿಡುತ್ತಾ ಬರುತ್ತಿದ್ದಳು.

ಬೇಸಾಯ ಕಲಿಸುವವರು ನಮ್ಮಲ್ಲಿ ಇಬ್ಬರು. ಮೇಷ್ಟ್ರಾಗಲಿ ಮೇಡಮ್ಮಾಗಲಿ ನಮ್ಮ ಬಾಯಲ್ಲಿ ಪ್ರೊಫೆಯೇ. ಪ್ರೊಫೆ ಎರ್ಮೆಲಿಂದಾ ಸೂನಿಗಾ ಗಿಡ್ಡಗೆ ದಪ್ಪಗೆ ಇರುವವರು, ಗಂಡಸರ ರಬ್ಬರ್ ಬೂಟು ತೊಟ್ಟೇ ಚರ್ಚಿಗೂ ಬರುವವರು. ಪ್ರೊಫೆ ಟ್ರಾನ್ಸಿತೊ ಮಾತುತೆ ಉದ್ದಕ್ಕೆ ಒಣಗಿದವರು, ಎತ್ತರದ ದನಿಯವರು, ಸೊಂಟದಲ್ಲಿ ಮಚ್ಚು ಇಲ್ಲದೆ ಶೌಚಕ್ಕೂ ಹೋಗದವರು. ಇಬ್ಬರೂ ದೊಡ್ಡ ಡಿಗ್ರಿ ಮಾಡಿದವರು. ಊರಿನ ಅರ್ಧ ಗಂಡಸರಿಗೆ ಕಸಿ ಕಟ್ಟುವುದನ್ನು, ಉಳಿದರ್ಧಕ್ಕೆ ಹೋರಿಯ ಬೀಜ ಒಡೆಯುವುದನ್ನು ಕಲಿಸಿದವರು. ಎರ್ಮೆಲಿಂದಾರ ಮಗನಿಗೆ ಜ್ಞಾನಸ್ನಾನದಲ್ಲಿ ತಂದೆಯಾಗಿ ನಿಂತವರು ಟ್ರಾನ್ಸಿತೊ. ಹಾಗಾಗಿ ಒಬ್ಬರನ್ನೊಬ್ಬರು ಕೊಂಪಾದ್ರೆ, ಕೊಮಾದ್ರೆ ಎಂದೇ ಕರೆಯುವುದು, ಬಂಧುಗಳ ಹಾಗೆಯೇ ಜಗಳವಾಡುವುದು.

ಬಂದ ದಿನವೇ, ಕಾಫಿಗೆ ಜೋಳದ ಕೋಡುಬಳೆ ಅದ್ದಿ ತಿನ್ನುತ್ತಾ, ಟ್ರಾನ್ಸಿತೊ ತಮ್ಮ ಕಾನೂನನ್ನು ಡೆಲ್ಮಿಗೆ ತಿಳಿಸಿದ್ದರು.

"ನೋಡು ಮಗಳೇ, ಪಾಠ ತಪ್ಪಿದ್ರೆ ತಿದ್ದಬೋದು. ಗೊತ್ತಿಲ್ದೆ ಇದ್ರೆ ಕಲಿಸ್ಬೋದು. ಪ್ರಾಣಿ ಕಂಡ್ರೆ ಹೆದರೋರನ್ನ ಮಾತ್ರ ನಾನು ಪಾಸ್ ಮಾಡಲ್ಲ. ಹೆದರಿಕೆ ಮೂಗಿಗೆ ಬಡಿಯುತ್ತೆ ಅವಕ್ಕೆ. ಮೇಷ್ಟ್ರು ಹೆದರಿದ್ರೆ ಮಕ್ಕಳಿಗೆ ಏಟು ಬೀಳುತ್ತೆ."

ಹಿಂದಿನ ವರ್ಷ ಬಂದಿದ್ದ ಒಬ್ಬ ಹುಡುಗ ಹೋರಿ ಕಂಡು ಬೇಲಿ ಹತ್ತಿದ್ದಕ್ಕೆ ಅವನನ್ನು ಅದೇ ವಾರದ ಬಸ್ಸಿಗೆ ಹತ್ತಿಸಿದ್ದರಂತೆ. ಡೆಲ್ಮಿ ನಕ್ಕು, ಹೌದು ಪ್ರೊಫೆ, ಅದು ಸರಿ ಪ್ರೊಫೆ ಎಂದಳು. ಕೈಲಿದ್ದ ಜೋಳದ ಕೋಡುಬಳೆ ಕಾಫಿಯೊಳಗೆ ಮುರಿದು ಬಿತ್ತು.

ಅವಳಿಗೆ ಹಂದಿ ಕಂಡರೆ ಜೀವ ಹೋಗುತ್ತಿತ್ತು. ಎಲ್ಲ ಹಂದಿಯೂ ಅಲ್ಲ, ಈದ ಹಂದಿ. ಚಿಕ್ಕವಳಿದ್ದಾಗ ಕತಕಾಮಾಸ್‌ನ ಅತ್ತೆಯ ಮನೆ ಹಿತ್ತಲಲ್ಲಿ ಒಂದು ತಾಯಿಹಂದಿ ತನ್ನದೇ ಮರಿಯನ್ನು ತಿನ್ನುವುದನ್ನು ಕಂಡಿದ್ದಳು. ಬಿಡಿಸಲು ಹೋದ ಮಾವನ ಮೀನಖಂಡವನ್ನು ಅದು ಹರಿದದ್ದನ್ನೂ ಕಂಡಿದ್ದಳು. ಮಾವ ಬದುಕಿದ, ಅವಳ ಕಿವಿಯಲ್ಲಿ ಆ ಸದ್ದು ಉಳಿಯಿತು. ಬೇಸಾಯದ ವಿದ್ಯೆಗೆ ಸೇರಿದ್ದು ಗಿಡಗಳ ಮೇಲಿನ ಪ್ರೀತಿಯಿಂದ. ಪ್ರಾಣಿಗಳ ಪತ್ರಿಕೆಯಲ್ಲಿ ಒಳ್ಳೆಯ ಅಂಕವೇ ಬಂದಿತ್ತು. ಹಂದಿಗೆ ಎಷ್ಟು ಮೊಲೆ ಎಂದು ಬರೆಯಲು ಗೂಡಿನೊಳಗೆ ಹೋಗಬೇಕಾಗಿಲ್ಲ. ಅವಳ ತಾಯಿಯೋ ಬೀದಿಗೆಲ್ಲ ಮಗಳು ಮೇಡಂ ಆದಳೆಂದು ಸಾರಿ, ಆಗಲೇ ಎರಡು ಮನೆಯವರಿಂದ ಅಭಿನಂದನೆಯ ಕೋಳಿ ಸ್ವೀಕರಿಸಿಯಾಗಿತ್ತು. ಇಲ್ಲಿಂದ ವಾಪಸ್ ಕಳಿಸಿದರೆ ವಿಶ್ವವಿದ್ಯಾಲಯ ಇನ್ನೊಂದು ಶಾಲೆ ಕೊಡುವುದಿಲ್ಲ. ಮೇಡಂ ಆಗುವ ಮಾತು ಅಲ್ಲಿಗೇ ಮುಗಿಯಿತು. ಇದನ್ನೆಲ್ಲ ಅವಳು ನಮಗೆ ಹೇಳಿದ್ದು ಆಮೇಲೆ. ಆಗ ನಮಗೆ ಕಂಡದ್ದು ಒಬ್ಬ ಬಹಳ ಶಿಸ್ತಿನ ಹುಡುಗಿ ಮಾತ್ರ.

ಶಾಲೆಯ ಹಂದಿಗೆ ಲಿಸೆನ್ಸಿಯಾದಾ ಎಂದು ಹೆಸರು. ಪದವಿ ಪಡೆದ ಹೆಂಗಸರನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಅದು ನಡೆಯುವ ಗತ್ತು, ಯಾರು ಮಾತಾಡಿದರೂ ತಲೆಯೆತ್ತದೆ ತೌಡಿನ ಕಡೆಗೇ ಗಮನ ಕೊಡುವ ರೀತಿ ನೋಡಿ ಹುಡುಗರು ಇಟ್ಟ ಹೆಸರು. ಒಂದು ಕಿವಿ ಅರ್ಧ ಹರಿದಿತ್ತು. ಗೋಡೆಗೆ ಮೈ ಉಜ್ಜಿದರೆ ತಗಡಿನ ಸೂರು ಗುಡುಗುತ್ತಿತ್ತು. ಡೆಲ್ಮಿ ಬಂದ ವಾರವೇ ಅದು ಈಯಿತು. ಹನ್ನೊಂದು ಮರಿ.

ಈಗ ನಮ್ಮೂರಿನ ಒಂದು ಪದ್ಧತಿ ಹೇಳಬೇಕು. ಎಳೆಯದು ಯಾವುದೇ ಇರಲಿ, ಕೂಸು, ಕೋಳಿಮರಿ, ನಾಯಿಮರಿ, ಅದನ್ನು ನೋಡಿದವರು ಮುಟ್ಟಿಯೇ ಹೋಗಬೇಕು. ಬರೀ ನೋಡಿ ಹೋದರೆ ಕಣ್ಣು ಅಲ್ಲೇ ಉಳಿಯುತ್ತದೆ, ಎಳೆಯದಕ್ಕೆ ಭೇದಿ ಹತ್ತುತ್ತದೆ. ಕೆಟ್ಟ ಮನಸ್ಸು ಬೇಕಿಲ್ಲ; ಕೆಲವರ ಕಣ್ಣೇ ಭಾರ. ಹುತಿಕಾಲ್ಪಾದ ಬಸ್ಸಿನ ಕಂಡಕ್ಟರ್ ಟಿಕೆಟ್ ಕೊಡುವ ಮುಂಚೆ ತಾಯಂದಿರ ಮಡಿಲಲ್ಲಿರುವ ಎಲ್ಲ ಕೂಸಿನ ತಲೆ ಸವರಿಯೇ ಮುಂದೆ ಹೋಗುವುದು. ಹಾಗೂ ತಾಗಿಬಿಟ್ಟರೆ ಮದ್ದು ಒಂದೇ, ಕಣ್ಣು ಹಾಕಿದವರೇ ಬಂದು ಎತ್ತಿಕೊಳ್ಳಬೇಕು. ಅವರ ಬೆವರು ಹತ್ತಿದ ಅಂಗಿಯಲ್ಲಿ ಸುತ್ತಿದರೆ ಇನ್ನೂ ಒಳ್ಳೆಯದು.

ಹಾಗಾಗಿ ಮರಿ ನೋಡಲು ಬಂದವರೆಲ್ಲ ಮುಟ್ಟಿದರು. ಹೆಡ್‌ಮಾಸ್ಟರು ಒಂದು ಬೆರಳಲ್ಲಿ ಮುಟ್ಟಿದರು. ಪಾದ್ರಿಗಳು ಮುಟ್ಟಿ ಕೈ ತೊಳೆದುಕೊಂಡರು. ನಾನೂ ಮುಟ್ಟಿದೆ. ಕರಿಹಲಗೆಯ ಮೇಲೆ ಕ್ರಿಮಿಗಳ ಚಿತ್ರ ಬರೆದು ರೋಗವೆಂದರೆ ಇದೇ, ಬೇರೆ ಏನೂ ಅಲ್ಲ ಎಂದು ಕಲಿಸುವ ಟ್ರಾನ್ಸಿತೊ ಅವರೇ ಗೂಡಿನ ಮುಂದೆ ಹಾದುಹೋಗುವಾಗಲೆಲ್ಲ ಕೈ ಚಾಚಿ ಒಂದೊಂದು ಬೆನ್ನು ಸವರಿ ಹೋಗುತ್ತಿದ್ದರು. ಅದಕ್ಕೂ ಇದಕ್ಕೂ ಜಗಳವಿದೆಯೆಂದು ಅವರಿಗೆ ಯಾವತ್ತೂ ಅನ್ನಿಸಿದಂತಿಲ್ಲ.

ಮುಟ್ಟದೆ ಉಳಿದವಳು ಡೆಲ್ಮಿ ಒಬ್ಬಳೇ. ದಿನವೂ ಕುರ್ಚಿಯಲ್ಲಿ ಕೂತು, ಕಣ್ಣು ಮಿಟುಕಿಸದೆ ಗೂಡಿನೊಳಗೆ ನೋಡುವವಳು. ಬಾ, ಮುಟ್ಟು ಎಂದು ಹುಡುಗಿಯರು ಕರೆದರೆ ನಿಯಮದಲ್ಲಿ ಇಲ್ಲ ಎನ್ನುವಳು. ಆ ನಿಯಮ ಅವಳಿಗೆ ದೇವರು ಕೊಟ್ಟ ಹಾಗಿತ್ತು. ಮುಟ್ಟಬಾರದು ಎಂದು ಅಚ್ಚಾಗಿ ಬಂದಿರುವಾಗ ಹೆದರಿಕೆಯನ್ನು ಯಾರು ಕಂಡಾರು? ಅದರ ಹಿಂದೆ ಅವಳು ಗೋಡೆಯ ಹಿಂದೆ ನಿಂತ ಹಾಗೆ ನಿಂತಿದ್ದಳು.

ಮೇಷ್ಟ್ರುಗಳ ಕೆಲಸದ ರೀತಿಯನ್ನು ಮಾತ್ರ ಅವಳು ಚೆನ್ನಾಗಿ ನೋಡಿದಳು. ಮರಿಗಳ ಸೂಜಿಹಲ್ಲು ಕತ್ತರಿಸುವ ದಿನ ಎರ್ಮೆಲಿಂದಾ ಒಂದು ಜೋಳದ ದಿಂಡು ಹಿಡಿದು ಲಿಸೆನ್ಸಿಯಾದಾದ ಕೆಚ್ಚಲ ಪಕ್ಕ ಕೆರೆಯುತ್ತಾ ಕೂತರು. ಅದು ನಿಟ್ಟುಸಿರು ಬಿಟ್ಟು ಅಡ್ಡವಾಯಿತು. ಆಗ ಟ್ರಾನ್ಸಿತೊ ಸದ್ದಿಲ್ಲದೆ ಮರಿಗಳನ್ನು ಗೋಣಿ ಹಾಸಿದ ಪೆಟ್ಟಿಗೆಗೆ ತುಂಬಿ, ಕಾಫಿ ಒಣಗಿಸುವ ಕಣದಾಚೆಯ ಕೊಠಡಿಗೆ ಒಯ್ದರು. ಅಲ್ಲಿ ಮರಿಗಳು ಎಷ್ಟು ಅರಚಿದರೂ ತಾಯಿಗೆ ಕೇಳಿಸದು. ಮರಿ ಅರಚಿದರೆ ತಾಯಿಗೆ ಗೋಡೆಯೂ ಕಾಣುವುದಿಲ್ಲ, ನೀವೂ ಕಾಣುವುದಿಲ್ಲ ಎಂದು ಅವರು ಹುಡುಗರಿಂದ ಮತ್ತೆ ಮತ್ತೆ ಹೇಳಿಸಿದರು. ಡೆಲ್ಮಿ ಹೇಳಲಿಲ್ಲ, ಬಾಯಿ ಬಿಡಬಾರದಲ್ಲ. ಆದರೆ ಅವಳ ತುಟಿ ಅಲ್ಲಾಡುತ್ತಿತ್ತು.

ಮುಂದಿನ ವಾರ ಮಳೆ ಹಿಡಿಯಿತು. ನೆಲ ತಣ್ಣಗಾಯಿತು, ಹುಲ್ಲು ಒದ್ದೆಯಾಯಿತು. ಮರಿಗಳಿಗೆ ಬಿಳಿ ಭೇದಿ ಶುರುವಾಯಿತು. ಬಾಲ ಜೋತುಬಿತ್ತು, ಬೆನ್ನಿನ ಕೂದಲು ನಿಮಿರಿತು. ಒಂದು ಮರಿ ಸತ್ತಿತು.

ಹುಡುಗರಿಗೆ ಕಾರಣ ಹುಡುಕಲು ಎರಡು ನಿಮಿಷವೂ ಬೇಕಾಗಲಿಲ್ಲ. ಮಧ್ಯಾಹ್ನದ ಊಟಕ್ಕೆ ಡೆಲ್ಮಿ ಹುರುಳಿ ಪಲ್ಯದ ತಟ್ಟೆ ಹಿಡಿದು ಬಂದರೆ ಬೆಂಚಿನಲ್ಲಿ ಜಾಗ ತಾನಾಗಿ ಅಗಲವಾಯಿತು. ಹಾಲು ಕುಡಿಯುವ ಕೂಸಿದ್ದ ಅಡುಗೆಯವಳು ಅವಳು ಬಂದಾಗಲೆಲ್ಲ ಕೂಸನ್ನು ಒಳಗೆ ಮಲಗಿಸುತ್ತಿದ್ದಳು. ಯಾರೋ ಹುಡುಗಿ ಅವಳ ಕುರ್ಚಿಯ ಕಾಲಿಗೆ ದೃಷ್ಟಿ ತಡೆಯುವ ಕೆಂಪು ದಾರ ಕಟ್ಟಿದ್ದಳು. ಬಯ್ಯುವವರು ಯಾರೂ ಇರಲಿಲ್ಲ. ಎಲ್ಲರೂ ಮರ್ಯಾದೆಯಿಂದಲೇ ಹೆದರುತ್ತಿದ್ದರು. ಅವಳಿಗೆ ಅದೇ ಹೆಚ್ಚು ಚುಚ್ಚಿತು.

ಡೆಲ್ಮಿಯ ಸಂಕಟ ಬೇರೆಯದೇ. ಅವಳೂ ಈ ನಾಡಿನವಳೇ. ಅಜ್ಜಿ ಕೈಗೆ ಕಟ್ಟಿದ ಕೆಂಪು ದಾರದಲ್ಲೇ ಬೆಳೆದವಳು. ತನ್ನ ಕಣ್ಣು ತಾಗಿಲ್ಲವೆಂದು ಅವಳಿಗೆ ಖಂಡಿತವಾಗಿ ಗೊತ್ತಿತ್ತು, ಏಕೆಂದರೆ ಅವಳು ಮರಿಗಳನ್ನು ನೋಡಿಯೇ ಇರಲಿಲ್ಲ. ಅಷ್ಟು ದಿನವೂ ಅವಳು ನೋಡಿದ್ದು ತಾಯಿಯನ್ನು. ಅದು ಕಿವಿ ಯಾವಾಗ ನಿಮಿರಿಸುತ್ತದೆ, ದವಡೆ ಯಾವಾಗ ಕಡಿಯುತ್ತದೆ, ಏಳುವ ಮುಂಚೆ ಯಾವ ಕಾಲು ಊರುತ್ತದೆ, ಕದದ ಅಡ್ಡಮರ ಎಷ್ಟು ಗಟ್ಟಿಯಿದೆ. ಮರಿಗಳು ಎಷ್ಟಿವೆ ಎಂದು ಕೇಳಿದರೆ ಪುಸ್ತಕ ನೋಡಿ ಹೇಳಬೇಕಿತ್ತು. ಆದರೆ ನಾನು ಮರಿ ನೋಡಲಿಲ್ಲ ಎಂದರೆ ಮತ್ತೇನು ನೋಡಿದೆ ಎನ್ನುತ್ತಾರೆ. ತಾಯಿಯನ್ನು ಎಂದರೆ ಯಾಕೆ ಎನ್ನುತ್ತಾರೆ. ಆ ಯಾಕೆಗೆ ಉತ್ತರ ಹೇಳಿದ ದಿನವೇ ಬಸ್ಸು. ಸುಮ್ಮನಿದ್ದರೆ ಕಣ್ಣು ಹಾಕಿದವಳು, ಬಾಯಿ ಬಿಟ್ಟರೆ ಹೆದರುಪುಕ್ಕಲಿ.

ಎರಡನೇ ಮರಿ ಸತ್ತ ಬೆಳಿಗ್ಗೆ ಇಬ್ಬರೂ ಮೇಷ್ಟ್ರುಗಳು ನನ್ನ ತರಗತಿಯ ಕಿಟಕಿಯ ಕೆಳಗೇ ನಿಂತು ಮಾತಾಡಿದರು. ಎರ್ಮೆಲಿಂದಾ ಮದ್ದಿನ ಲೆಕ್ಕ ಹೇಳಿದರು: ಒಣ ಹುಲ್ಲು ಹಾಸಬೇಕು, ಉಪ್ಪು ಸಕ್ಕರೆಯ ನೀರು ಕುಡಿಸಬೇಕು, ಬಾಯಿಗೆ ಔಷಧಿ ಬಿಡಬೇಕು, ಗೋಣಿ ಕಟ್ಟಿ ಗಾಳಿ ತಡೆಯಬೇಕು. ಅದೆಲ್ಲ ಆಗಲೇ ಮಾಡಿದ್ದರು ಕೂಡ. ಟ್ರಾನ್ಸಿತೊ ತಲೆಯಾಡಿಸಿದರು. ತಣ್ಣನೆಯ ನೆಲವೇ ಕಾರಣ, ಅದರಲ್ಲಿ ಅನುಮಾನವೇ ಇಲ್ಲ ಎಂದರು. ಆಮೇಲೆ ದನಿ ತಗ್ಗಿಸಿದರು.

"ಆದ್ರೂ ಆ ಹುಡುಗಿ ಒಂದ್ಸಲ ಮುಟ್ಟಿಬಿಟ್ರೆ ಏನು ಗಂಟು ಹೋಗುತ್ತೆ ಕೊಮಾದ್ರೆ?"

"ನಾನೂ ಅದನ್ನೇ ಅಂದ್ಕೊತಿದ್ದೆ. ಮದ್ದಿಗೆ ಮದ್ದೂ ಆಯ್ತು, ಇದಕ್ಕೆ ಇದೂ ಆಗ್ಲಿ."

ಹೀಗೆ ವಿಜ್ಞಾನದ ಎರಡು ಪದವಿಗಳು ಒಮ್ಮತಕ್ಕೆ ಬಂದವು.

ಅವರು ತಪ್ಪಿದ್ದು ಜಾಗದಲ್ಲಿ. ಕಣ್ಣು ಎಲ್ಲಿಂದ ಬಿದ್ದಿತೋ ಅಲ್ಲೇ ಅದನ್ನು ಎತ್ತಬೇಕು ಎಂದು ನಮ್ಮಲ್ಲಿ ನಂಬಿಕೆ. ಬೇರೆಲ್ಲೋ ಒಯ್ದು ಮುಟ್ಟಿಸಿದರೆ ಫಲವಿಲ್ಲ. ಡೆಲ್ಮಿ ನೋಡಿದ್ದು ಗೂಡಿನ ಎದುರಿನ ಕುರ್ಚಿಯಿಂದ. ಹಾಗಾದರೆ ಮರಿಯನ್ನು ಆ ಕುರ್ಚಿಗೇ ತರಬೇಕು. ಮರಿ ಅರಚಿದರೆ ತಾಯಿಗೆ ಗೋಡೆ ಕಾಣದು ಎಂದು ಮೂರು ತಲೆಮಾರಿನ ಹುಡುಗರಿಂದ ಹೇಳಿಸಿದವರು, ಅಷ್ಟು ಅಕ್ಕರೆಯಿಂದ ಕಲಿಸಿದ ಆ ಪಾಠವನ್ನು ತಾವೇ ಕಣದಾಚೆ ಬಿಟ್ಟು ಬಂದರು.

ಡೆಲ್ಮಿಗೆ ವಿಷಯ ತಿಳಿಸಿದಾಗ ಅವಳು ನಿಯಮದ ಹಾಳೆ ತೆಗೆದಳು. ಎರ್ಮೆಲಿಂದಾ ಆ ಹಾಳೆಯನ್ನು ಮೆಲ್ಲಗೆ ಮಡಚಿ ಅವಳ ಪುಸ್ತಕದೊಳಗೇ ಇಟ್ಟು, ಅದನ್ನು ಬರೆದವರ ಮನೆಯಲ್ಲಿ ಎಳೆಯದು ಯಾವುದೂ ಇರಲಿಕ್ಕಿಲ್ಲ ಎಂದರು. ಸುತ್ತ ಮೂರನೇ ವರ್ಷದ ತರಗತಿ ಪೂರ್ತಿ ನಿಂತಿತ್ತು. ಮಳೆ ಆಗತಾನೆ ಬಿಟ್ಟು ತಗಡಿನಿಂದ ಹನಿ ಬೀಳುತ್ತಿತ್ತು. ಲಿಸೆನ್ಸಿಯಾದಾ ಗೂಡಿನ ಒಳಮೂಲೆಯಲ್ಲಿ ಹಾಲೊಡೆದ ನೀರು ಬೆರೆಸಿದ ತೌಡು ತಿನ್ನುತ್ತಿತ್ತು.

ಟ್ರಾನ್ಸಿತೊ ಒಳಗೆ ಬಗ್ಗಿ, ಎಲ್ಲಕ್ಕಿಂತ ಸೊರಗಿದ ಒಂದು ಮರಿಯನ್ನು ಎತ್ತಿ, ಅಡ್ಡಮರ ಹಾಕಿ, ಬಂದು ಅವಳ ಕೈಗಿಟ್ಟರು.

ಡೆಲ್ಮಿ ಅದನ್ನು ಕೈ ಪೂರಾ ಚಾಚಿ ಹಿಡಿದಳು, ಉರಿಯುವ ಹೆಂಚು ಹಿಡಿದ ಹಾಗೆ. ನಾಲ್ಕು ಕಾಲೂ ಗಾಳಿಯಲ್ಲಿ ತೂಗಾಡಿದವು. ಮರಿಗೆ ಕೆಳಗೆ ಏನೂ ಸಿಗದೆ ಹೋಯಿತು. ಅದು ಅರಚಿತು.

ಸೊರಗಿದ ಮರಿಯೊಳಗೆ ಅಷ್ಟು ದನಿ ಇತ್ತೆಂದು ಯಾರಿಗೆ ಗೊತ್ತಿತ್ತು. ನಾನು ಹಲಗೆಯ ಮೇಲೆ ಬರೆಯುತ್ತಿದ್ದ ಸಾಲು ಅಲ್ಲೇ ನಿಂತಿತು. ಗೂಡಿನೊಳಗೆ ತೌಡು ತಿನ್ನುವ ಸದ್ದೂ ನಿಂತಿತು. ಡೆಲ್ಮಿಗೆ ಎಲ್ಲವೂ ಒಂದರ ಹಿಂದೊಂದು ಕಂಡವು: ಕಿವಿ ನಿಮಿರಿತು, ದವಡೆ ಎರಡು ಸಲ ಕಡಿಯಿತು, ಎಡಗಾಲು ಮುಂದೆ ಬಂತು. ಬಾಯಿ ಬಿಡಬಾರದವಳು ಬಾಯಿ ಬಿಟ್ಟಳು.

"ಬಂತು," ಎಂದಳು. ದನಿ ಅವಳಿಗೇ ಕೇಳಿಸುವಷ್ಟಿತ್ತು.

ಅಡ್ಡಮರ ಪೇರಲೆಯದು, ಗಟ್ಟಿಯದು. ಮೊದಲ ಗುದ್ದಿಗೆ ಬಾಗಿತು, ಎರಡನೆಯದಕ್ಕೆ ಮುರಿಯಿತು. ಹುಡುಗರು ಚೆಲ್ಲಾಪಿಲ್ಲಿಯಾಗಿ ಬೇಲಿ ಹತ್ತಿದರು. ಟ್ರಾನ್ಸಿತೊ ಹತ್ತಲಿಲ್ಲ. ಜೀವಮಾನದಲ್ಲಿ ಯಾವ ಪ್ರಾಣಿಗೂ ಹೆದರದವರು ಅವತ್ತೂ ಹೆದರದೆ ಎರಡು ಕೈ ಅಗಲಿಸಿ ದಾರಿಗೆ ಅಡ್ಡ ನಿಂತರು, ನಿಲ್ಲು ಮುದುಕಿ ಎಂದರು. ಮುದುಕಿ ನಿಲ್ಲಲಿಲ್ಲ. ಅವರ ತೊಡೆಗೆ ಮೂತಿ ಹಾಕಿ ಮೇಲೆತ್ತಿತು. ಅವರು ಕೆಸರಿಗೆ ಬಿದ್ದರು. ಅದು ಅವರ ಮೇಲೆ ತಿರುಗಿತು.

ಬಿದ್ದವರ ಮೇಲೆ ತಿರುಗುವ ತಾಯಿಹಂದಿಯನ್ನು ಕಂಡವರು ಆ ದೃಶ್ಯವನ್ನು ಮತ್ತೆ ಹೇಳಲು ಇಷ್ಟಪಡುವುದಿಲ್ಲ. ಟ್ರಾನ್ಸಿತೊ ಮಂಡಿ ಮಡಚಿ ಹೊಟ್ಟೆಗೆ ಅಡ್ಡ ಹಿಡಿದರು. ಮಚ್ಚು ಸೊಂಟದ ಕೆಳಗೆ ಸಿಕ್ಕಿಬಿದ್ದಿತ್ತು. ಎರ್ಮೆಲಿಂದಾ ಕೈಗೆ ಸಿಕ್ಕ ಬಕೆಟ್ಟಿನಿಂದ ಅದರ ಬೆನ್ನಿಗೆ ಬಡಿಯತೊಡಗಿದರು. ಬಕೆಟ್ಟು ಒಡೆಯಿತು, ಹಂದಿ ತಿರುಗಿಯೂ ನೋಡಲಿಲ್ಲ. ಮರಿ ಅರಚುತ್ತಲೇ ಇತ್ತು. ಆ ಅರಚಾಟ ನಿಲ್ಲುವವರೆಗೆ ತಾಯಿ ನಿಲ್ಲುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಪಾಠವಾಗಿತ್ತು. ಆದರೆ ಪಾಠ ಮಾಡಿದವರು ಕೆಸರಲ್ಲಿದ್ದರು, ಪಾಠ ಕಲಿತವರು ಬೇಲಿಯ ಮೇಲಿದ್ದರು.

ಡೆಲ್ಮಿ ಆಗ ಮಾಡಿದ್ದನ್ನು ಧೈರ್ಯ ಎಂದು ಕರೆಯಲು ನನಗೆ ಆಗದು, ಅವಳೂ ಒಪ್ಪುವುದಿಲ್ಲ. ಓಡೋಣವೆಂದರೆ ಕಾಲು ಬರಲಿಲ್ಲ. ಮರಿಯನ್ನು ಬಿಸಾಡೋಣವೆಂದರೆ ಬೆರಳು ಬಿಚ್ಚಲಿಲ್ಲ. ಕತಕಾಮಾಸ್‌ನ ಹಿತ್ತಲಲ್ಲಿ ಚಿಕ್ಕವಳಾಗಿ ಏನು ಮಾಡಿದ್ದಳೋ ಅದನ್ನೇ ಮಾಡಿದಳು. ಅವತ್ತು ಕೈಲಿದ್ದದ್ದು ಅತ್ತೆಯ ಪಾವಡೆ, ಇವತ್ತು ಕೈಲಿದ್ದದ್ದು ಈ ಮರಿ. ಕಣ್ಣು ಮುಚ್ಚಿ, ಮೈಯೆಲ್ಲ ಮುದುಡಿ, ಕೈಲಿದ್ದದ್ದನ್ನು ಎದೆಗೆ ಅವಚಿಕೊಂಡು ಕುರ್ಚಿಯಲ್ಲಿ ಕುಸಿದಳು.

ಮರಿಯ ಹೊಟ್ಟೆಯ ಕೆಳಗೆ ಏನೋ ಸಿಕ್ಕಿತು. ಬೆಚ್ಚಗಿತ್ತು, ಒದ್ದೆಯಿತ್ತು, ಒಳಗೆ ಏನೋ ಢವಢವ ಎನ್ನುತ್ತಿತ್ತು. ಮರಿ ಸುಮ್ಮನಾಯಿತು.

ಲಿಸೆನ್ಸಿಯಾದಾ ತಲೆಯೆತ್ತಿತು. ಕಿವಿ ಆ ಕಡೆ ಈ ಕಡೆ ತಿರುಗಿಸಿತು. ಎರಡು ಹೆಜ್ಜೆ ಕುರ್ಚಿಯ ಕಡೆಗೆ ಬಂದು, ಡೆಲ್ಮಿಯ ಮಂಡಿಯ ಹತ್ತಿರ ಮೂಗು ತಂದು ಉಸಿರೆಳೆಯಿತು. ಹೆದರಿಕೆ ಮೂಗಿಗೆ ಬಡಿಯುವುದು ನಿಜವಾಗಿದ್ದರೆ ಅಲ್ಲಿ ಅದು ತುಂಬಿ ಹರಿಯುತ್ತಿತ್ತು. ಡೆಲ್ಮಿ ಕಣ್ಣು ತೆರೆಯಲಿಲ್ಲ. ಆ ಉಸಿರಿನ ಬಿಸಿ ಪಾವಡೆಯ ಮೂಲಕ ಮಂಡಿಗೆ ತಾಗಿದ್ದು ಇವತ್ತಿಗೂ ನೆನಪಿದೆ ಎನ್ನುತ್ತಾಳೆ. ತಾಯಿ ಒಮ್ಮೆ ಗುರುಗುಟ್ಟಿತು, ಅದಕ್ಕೆ ಮರಿ ಅರೆನಿದ್ದೆಯಲ್ಲಿ ಸಣ್ಣಗೆ ಒಂದು ಉತ್ತರ ಕೊಟ್ಟಿತು. ಅಷ್ಟೇ. ಎರ್ಮೆಲಿಂದಾ ಒಡೆದ ಬಕೆಟ್ಟಿನ ತುಂಡು ಬಿಸಾಡಿ, ನೆಲದಲ್ಲಿ ಬಿದ್ದಿದ್ದ ಜೋಳದ ದಿಂಡೊಂದನ್ನು ಎತ್ತಿಕೊಂಡು, ಲಿಸೆನ್ಸಿಯಾದಾದ ಹೊಟ್ಟೆ ಕೆರೆಯುತ್ತಾ ಕೆರೆಯುತ್ತಾ ಹಿಂದಕ್ಕೆ, ಗೂಡಿನೊಳಕ್ಕೆ ನಡೆಸಿಕೊಂಡು ಹೋದರು.

ಟ್ರಾನ್ಸಿತೊ ಅವರ ತೊಡೆ ಉದ್ದಕ್ಕೆ ಹರಿದಿತ್ತು. ಯಾರದೋ ಅಂಗಿಯಿಂದ ಕಟ್ಟು ಹಾಕಿದರು. ಹೆಡ್‌ಮಾಸ್ಟರು ಗಾಡಿ ತರಲು ಓಡಿದರು. ಅಷ್ಟರಲ್ಲಿ ಬೇಲಿಯಿಂದ ಇಳಿದ ಹುಡುಗಿಯೊಬ್ಬಳು ಡೆಲ್ಮಿಯ ಕುಪ್ಪಸವನ್ನು ತೋರಿಸಿ, ನೋಡಿ, ಎಷ್ಟು ಬೆವರು, ಮರಿ ಪೂರ್ತಿ ನೆಂದಿದೆ ಎಂದಳು. ಎಲ್ಲರಿಗೂ ಸಮಾಧಾನವಾಯಿತು. ಇಷ್ಟು ಬೆವರಿದ ಮೇಲೆ ಕಣ್ಣು ಇಳಿಯದೆ ಇರಲು ಸಾಧ್ಯವಿಲ್ಲ.

ಆಗ ಡೆಲ್ಮಿ ಮಾತಾಡಿದಳು. ಮರಿಯನ್ನು ಇನ್ನೂ ಬಿಟ್ಟಿರಲಿಲ್ಲ.

"ನಾನು ಮರಿಗಳನ್ನ ನೋಡ್ಲೇ ಇಲ್ಲ ಪ್ರೊಫೆ. ಒಂದು ದಿನಾನೂ ನೋಡ್ಲಿಲ್ಲ. ತಾಯೀನೇ ನೋಡ್ತಿದ್ದೆ."

"ಯಾಕೆ ಮಗಳೇ?" ಎಂದರು ಎರ್ಮೆಲಿಂದಾ.

"ಹೆದರಿಕೆ."

ಕೆಸರಲ್ಲಿ ಒರಗಿದ್ದ ಟ್ರಾನ್ಸಿತೊ ತಲೆಯೆತ್ತಿದರು. ಮುಖ ಬಿಳಿಚಿತ್ತು, ದನಿ ಮಾತ್ರ ಎಂದಿನದೇ. ಹೆದರೋರನ್ನ ಪಾಸ್ ಮಾಡಲ್ಲ ಅಂತ ಮೊದಲ ದಿನಾನೇ ಹೇಳಿದ್ದೆ ಅಲ್ವಾ ಎಂದರು. ಡೆಲ್ಮಿ ಹೂಂ ಎಂದಳು. ಮರಿಯನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಸುತ್ತ ನೋಡಿದಳು. ಮನಸ್ಸಿನಲ್ಲಿ ಆಗಲೇ ಪೆಟ್ಟಿಗೆ ಕಟ್ಟುತ್ತಿದ್ದಳಂತೆ, ತಾಯಿಗೆ ಏನು ಹೇಳುವುದೆಂದು ಮಾತು ಹುಡುಕುತ್ತಿದ್ದಳಂತೆ.

"ಹೆದರ್ದೆ ಇರೋರು ಎಲ್ಲಿರ್ತಾರೆ ಅನ್ನೋದನ್ನ ಈಗ ಎಲ್ಲ ಮಕ್ಕಳೂ ನೋಡಿದ್ರು, ಕೊಂಪಾದ್ರೆ," ಎಂದರು ಎರ್ಮೆಲಿಂದಾ. "ಬಾಯಿ ಮುಚ್ಕೊಂಡು ಕಾಲು ಮೇಲಿಡಿ. ನಂಗೂ ಅದನ್ನ ಕಂಡ್ರೆ ಹೆದರಿಕೇನೇ. ಜೋಳದ ದಿಂಡು ಮತ್ಯಾಕೆ ಹಿಡ್ಕೊಂಡಿರ್ತೀನಿ ಅಂದ್ಕೊಂಡ್ರಿ, ಅಂದಕ್ಕಾ?"

ಟ್ರಾನ್ಸಿತೊ ಕಾಲು ಮೇಲಿಟ್ಟರು. ಗಾಡಿ ಬಂತು.

ಅವರು ಆಸ್ಪತ್ರೆಯಿಂದ ಬಂದು ತೂಗುಮಂಚದಲ್ಲಿ ಮಲಗಿದ್ದಷ್ಟು ದಿನವೂ ಪಾಸಿನ ಮಾತು ಎತ್ತಲಿಲ್ಲ. ಎರ್ಮೆಲಿಂದಾ ದಿನವೂ ಕೋಳಿ ಸಾರು ಒಯ್ದು ದಿನವೂ ಆ ಮಾತು ಎತ್ತಿದರು. ನನ್ನ ಕಾನೂನು ನನ್ನದು ಎಂದು ಟ್ರಾನ್ಸಿತೊ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರಂತೆ. ಹುಡುಗಿ ಪಾಠ ಮಾಡಲಿ, ಕೇಳಿ ಹೇಳುತ್ತೇನೆ ಎಂಬಲ್ಲಿಗೆ ಕೊನೆಗೆ ಬಂದು ನಿಂತರು.

ಪಾಠದ ದಿನ ಅವರನ್ನು ಹೇಸರಗತ್ತೆಯ ಮೇಲೆ ಕೂರಿಸಿ ತಂದರು. ಇಳಿಯಲು ಆಗದೆ ಅವರು ಅದರ ಮೇಲೆ ಕೂತೇ ಪಾಠ ಕೇಳಿದರು. ಡೆಲ್ಮಿ ಗೂಡಿನ ಮುಂದೆ ನಿಂತಳು. ಹೊಸ ಅಡ್ಡಮರಗಳು ಎರಡು ಬಿದ್ದಿದ್ದವು. ಅವಳ ಕಾಲು ನಡುಗುವುದು ಮುಂದಿನ ಸಾಲಿನ ಎಲ್ಲರಿಗೂ ಕಾಣುತ್ತಿತ್ತು, ದನಿಯೂ ನಡುಗುತ್ತಿತ್ತು. ಮುಚ್ಚಿಡುವ ಪ್ರಯತ್ನವನ್ನು ಅವಳು ಮಾಡಲಿಲ್ಲ. ಮೊದಲು ಇದು ಏಳುವ ಮುಂಚೆ ಏನು ಮಾಡುತ್ತದೆಂದು ತೋರಿಸುತ್ತೇನೆ ಎಂದಳು. ಕಿವಿಯ ವಿಷಯ ಹೇಳಿದಳು, ದವಡೆಯ ವಿಷಯ, ಎಡಗಾಲಿನ ವಿಷಯ. ಇಷ್ಟು ಕಂಡ ಮೇಲೆ ನಿಮಗೆ ಎಷ್ಟು ಹೊತ್ತಿರುತ್ತದೆಂದು ಹೇಳಿದಳು. ಒಂದು ಉಸಿರು ಅಷ್ಟೇ. ಆಮೇಲೆ ಮರಿಯನ್ನು ಪೆಟ್ಟಿಗೆಯಲ್ಲಿ ಕಣದಾಚೆಯ ಕೊಠಡಿಗೆ ಒಯ್ದು, ಒಂದು ಕೈ ಎದೆಯ ಕೆಳಗೆ, ಒಂದು ಕೈ ಹಿಂಗಾಲಿನ ಕೆಳಗೆ ಕೊಟ್ಟು ಎತ್ತಿಕೊಂಡಳು. ಅದು ಸದ್ದು ಮಾಡಲಿಲ್ಲ. ಹುಡುಗರೆಲ್ಲ ಒಬ್ಬೊಬ್ಬರಾಗಿ ಎತ್ತಿಕೊಳ್ಳುವವರೆಗೂ ಅವಳು ಕದದ ಕಡೆಗೇ ನೋಡುತ್ತಾ ನಿಂತಿದ್ದಳು.

ಟ್ರಾನ್ಸಿತೊ ಹೇಸರಗತ್ತೆಯ ಮೇಲಿಂದ ಒಂದೇ ಪ್ರಶ್ನೆ ಕೇಳಿದರು. ಎಡಗಾಲು ಎಂಬುದನ್ನು ಎಲ್ಲಿ ಓದಿದೆ ಎಂದು. ಎಲ್ಲೂ ಓದಿಲ್ಲ, ನೋಡಿದೆ ಎಂದಳು. ಇಷ್ಟು ವರ್ಷ ಅದನ್ನು ಸಾಕಿದವರು ತಮಗೆ ಅದು ಗೊತ್ತಿತ್ತೋ ಇಲ್ಲವೋ ಎಂದು ಯಾರಿಗೂ ಹೇಳಲಿಲ್ಲ. ಕತ್ತೆಯನ್ನು ತಿರುಗಿಸಿರೋ ಎಂದರು.

ಊರಿನವರ ಪ್ರಕಾರ ಮರಿಗಳನ್ನು ಉಳಿಸಿದ್ದು ಡೆಲ್ಮಿಯ ಬೆವರು. ಎರ್ಮೆಲಿಂದಾರ ಪ್ರಕಾರ ಒಣ ಹುಲ್ಲು ಮತ್ತು ಔಷಧಿ. ಬೆವರಿನಿಂದ ನಷ್ಟವೇನೂ ಆಗಿಲ್ಲ ಎಂದೂ ಅವರು ಸೇರಿಸುತ್ತಾರೆ. ಒಟ್ಟು ಮೂರು ಮರಿ ಸತ್ತವು, ಎಂಟು ಬದುಕಿದವು. ಟ್ರಾನ್ಸಿತೊ ಅವರ ರುಜುವಿನಿಂದಲೇ ಡೆಲ್ಮಿ ಪಾಸಾದಳು.